ರಾತ್ರಿ 9 ದಾಟಿದರೆ ಕರೆಂಟ್ ಇಲ್ಲ: ಊರ ಮೈಕ್ರೋಗ್ರಿಡ್‌ನ ದೋಷ ಹುಡುಕುವ ಬಗೆ

“ಬ್ಯಾಟರಿ ಹೋಯ್ತು, ಹೊಸದೇ ಹಾಕ್ಬೇಕು.” ಯಲ್ಲಾಪುರದ ಕಡೆ ಘಟ್ಟದ ಇಳಿಜಾರಿನಲ್ಲಿರುವ ಆ ಕೇರಿಗೆ ನಾನು ಹೋಗುವಷ್ಟರಲ್ಲಿ ಊರವರು ಈ ತೀರ್ಮಾನಕ್ಕೆ ಬಂದಾಗಿತ್ತು. ಹೊಸ ಬ್ಯಾಟರಿ ಅಂದರೆ ಲಕ್ಷಗಟ್ಟಲೆ ದುಡ್ಡು. ಮನೆಗಿಷ್ಟು ಅಂತ ಲೆಕ್ಕ ಹಾಕಿ, ಅಡಿಕೆ ಮಾರಿದ ಮೇಲೆ ಕೊಡೋಣ ಎಂದು ಮಾತೂ ಆಗಿತ್ತು. ಆ ಬ್ಯಾಟರಿ ಈಗಲೂ ಅದೇ ತಗಡಿನ ಕೋಣೆಯಲ್ಲಿ ಕೆಲಸ ಮಾಡುತ್ತಿದೆ. ಕೆಟ್ಟಿದ್ದು ಬೇರೆ, ಬೈಸಿಕೊಂಡಿದ್ದು ಬ್ಯಾಟರಿ. ಆ ದಿನಗಳಲ್ಲಿ ನಾವು ಏನು ಅಳೆದೆವು, ಯಾವ ಅಂಕಿ ನೋಡಿ ಯಾವ ಕಡೆ ತಿರುಗಿದೆವು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಊರಲ್ಲೂ ಇಂಥ ಮೈಕ್ರೋಗ್ರಿಡ್, ಅಂದರೆ ಊರಿಗೆ ಬೇಕಾದ ಕರೆಂಟನ್ನು ಊರಲ್ಲೇ ತಯಾರಿಸಿ ಮನೆಗಳಿಗೆ ಹಂಚುವ ಪುಟ್ಟ ವ್ಯವಸ್ಥೆ, ಇದ್ದರೆ ಹೊಸ ಬ್ಯಾಟರಿಗೆ ದುಡ್ಡು ಕೂಡಿಸುವ ಮೊದಲು ಇದನ್ನೊಮ್ಮೆ ಮಾಡಿ ನೋಡಿ.

ಮೊದಲು ಅಲ್ಲಿ ಏನಿದೆ ಅಂತ ಹೇಳುತ್ತೇನೆ. 22 ಮನೆ. 330 ವ್ಯಾಟ್‌ನ 18 ಸೋಲಾರ್ ಪ್ಯಾನೆಲ್, ಒಟ್ಟು ಹತ್ತಿರಹತ್ತಿರ 6 ಕಿಲೋವ್ಯಾಟ್. 2 ವೋಲ್ಟ್‌ನ 24 ಟ್ಯೂಬ್ಯುಲರ್ (ಒಂದು ಬಗೆಯ ಲೆಡ್-ಆಸಿಡ್) ಸೆಲ್‌ಗಳನ್ನು ಸಾಲಾಗಿ ಜೋಡಿಸಿದ 48 ವೋಲ್ಟ್ ಬ್ಯಾಟರಿ ಬ್ಯಾಂಕ್, ಅಂದರೆ ಬ್ಯಾಟರಿ ಸಾಲು, 600 ಆಂಪಿಯರ್-ಅವರ್. ಬ್ಯಾಟರಿಯ ಒಂದೇ ದಿಕ್ಕಿನ ಕರೆಂಟನ್ನು (ಡಿಸಿ) ಮನೆಗಳಲ್ಲಿ ಬಳಸುವ ಕರೆಂಟಾಗಿ (ಎಸಿ) ಬದಲಿಸುವ 5 ಕೆವಿಎ ಇನ್ವರ್ಟರ್. ಮಳೆಗಾಲದಲ್ಲಿ ಬಿಸಿಲು ಕೈಕೊಡುತ್ತದೆ ಅಲ್ವಾ, ಆಗ ಮೇಲಿನ ಹಳ್ಳದಿಂದ ಪೈಪಿನಲ್ಲಿ ನೀರು ಇಳಿಸಿ ತಿರುಗಿಸುವ 1 ಕಿಲೋವ್ಯಾಟ್ ಟರ್ಬೈನ್ ಇದೆ. ನೋಡಲು ಚಿಕ್ಕದು. ಆದರೆ ಸೋಲಾರ್ ಹಗಲು ಕೆಲವು ಗಂಟೆ ಮಾತ್ರ ಕೊಡುತ್ತದೆ, ಟರ್ಬೈನ್ 24 ಗಂಟೆಯೂ ತಿರುಗುತ್ತದೆ. ದಿನಕ್ಕೆ 24 ಯೂನಿಟ್ ಆಯಿತು. ಒಳ್ಳೆ ಬಿಸಿಲಿನ ದಿನ 6 ಕಿಲೋವ್ಯಾಟ್ ಪ್ಯಾನೆಲ್‌ಗಳು ಕೊಡುವುದೂ ಸುಮಾರು ಅಷ್ಟೇ. ಬೇಸಿಗೆಗೆ ಸೂರ್ಯ, ಮಳೆಗಾಲಕ್ಕೆ ಹಳ್ಳ, ರಾತ್ರಿಗೆ ಬ್ಯಾಟರಿ. ಮಲೆನಾಡಿಗೆ ಇದಕ್ಕಿಂತ ಹೊಂದುವ ಜೋಡಿ ನನಗೆ ಕಂಡಿಲ್ಲ.

ಇದೇ ಉತ್ತರ ಕನ್ನಡ ಜಿಲ್ಲೆಯಲ್ಲಿ ಸೂಪಾ ಅಣೆಕಟ್ಟಿನ ಬುಡದಲ್ಲಿ 100 ಮೆಗಾವ್ಯಾಟ್‌ನ ವಿದ್ಯುದಾಗಾರವಿದೆ. ಕೈಗಾದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಆದರೂ ಕಾಡಿನ ನಡುವೆ ಚದುರಿದ ಕೇರಿಗಳಿಗೆ ಕಂಬ ಎಳೆಯುವುದು ಕಷ್ಟ. ಎಳೆದರೂ ಮಳೆಗಾಲದಲ್ಲಿ ಒಂದು ಮರ ಬಿದ್ದರೆ ದಿನಗಟ್ಟಲೆ ಕತ್ತಲು. ಹಾಗಾಗಿ ಈ ಪುಟ್ಟ ವ್ಯವಸ್ಥೆ ಅವರ ಪಾಲಿಗೆ ದೊಡ್ಡದು.

ಕೈ ಹಾಕುವ ಮೊದಲು

ಬ್ಯಾಟರಿ ಕೋಣೆಯ ಬಾಗಿಲು, ಕಿಟಕಿ ಎಲ್ಲ ತೆಗೆಯಿರಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಬೀಡಿ, ಕಡ್ಡಿಪೆಟ್ಟಿಗೆ ಹೊರಗೇ ಇರಲಿ. ಕೈಯ ಉಂಗುರ, ಬಳೆ, ಕಡಗ ತೆಗೆದಿಡಿ. ಸ್ಪ್ಯಾನರ್‌ನ ಹಿಡಿಗೆ ಇನ್ಸುಲೇಷನ್ ಟೇಪ್ ದಪ್ಪಗೆ ಸುತ್ತಿ. 48 ವೋಲ್ಟ್ ಶಾಕ್ ಹೊಡೆಯಲ್ಲ ಅಂತ ಸಲೀಸಾಗಿ ಕೈ ಹಾಕುವವರಿದ್ದಾರೆ. ಶಾಕ್‌ಗಿಂತ ಅಲ್ಲಿ ಭಯ ಶಾರ್ಟ್‌ನದ್ದು. ಸ್ಪ್ಯಾನರ್ ಎರಡು ತುದಿಗೆ ಅಡ್ಡ ಬಿದ್ದರೆ ಸಾವಿರಾರು ಆಂಪಿಯರ್ ಹರಿದು ಕಬ್ಬಿಣವೇ ಕೆಂಪಗಾಗುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್, ಪಕ್ಕದಲ್ಲಿ ಒಂದು ಕೊಡ ನೀರು ಇರಲೇಬೇಕು.

ಪ್ಯಾನೆಲ್ ಕಡೆಯ ಪ್ಲಗ್‌ಗಳನ್ನು ಬಿಸಿಲಲ್ಲಿ, ಕರೆಂಟ್ ಹರಿಯುತ್ತಿರುವಾಗ, ಎಳೆದು ತೆಗೆಯಬೇಡಿ. ಡಿಸಿ ಕಿಡಿ ಎಸಿಯಂತೆ ತಾನಾಗಿ ಆರುವುದಿಲ್ಲ, ಉರಿಯುತ್ತಲೇ ಇರುತ್ತದೆ. ಮೊದಲು ಡಿಸಿ ಬ್ರೇಕರ್ ಇಳಿಸಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ವೋಲ್ಟೇಜ್ ಅಳೆಯಲು ಒಂದು ಮಲ್ಟಿಮೀಟರ್, ವೈರನ್ನು ತಬ್ಬಿ ಹಿಡಿದು ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್, ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ಥರ್ಮಾಮೀಟರ್, ಒಂದು ಪಟ್ಟಿ ಪುಸ್ತಕ, ಪೆನ್ನು. ಪುಸ್ತಕವನ್ನು ಮರೆತು ಬಂದಿದ್ದರೆ ವಾಪಸ್ ಹೋಗಿ ತನ್ನಿ.

ಎಷ್ಟು ಗಂಟೆಗೆ ಹೋಗುತ್ತದೆ?

ನಾನು ಮೊದಲು ಕೇಳುವ ಪ್ರಶ್ನೆ ಇದು. ಜಗುಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದ ಅಜ್ಜಿಯೊಬ್ಬರನ್ನು ಕೇಳಿದೆ.

“ತಮಾ, ಟಿವಿಯಲ್ಲಿ ಒಂಬತ್ತರ ವಾರ್ತೆ ಶುರುವಾಗಿ ಹತ್ತು ನಿಮಿಷಕ್ಕೆ ಹೋಗ್ತದೆ. ದಿನಾ. ನಾವು ಬಟ್ಟಲು ಹಿಡಿದು ಕತ್ತಲಲ್ಲಿ ಕೂರೂದು.”

“ಒಂದೊಂದು ದಿನ ಬೇಗ, ಒಂದೊಂದು ದಿನ ತಡ ಆಗ್ತದಾ ಅಜ್ಜಿ?”

“ಇಲ್ಲ ಮಾರಾಯ, ಗಡಿಯಾರ ಇಟ್ಟ ಹಾಗೆ.”

ಅರ್ಧ ಉತ್ತರ ಅಲ್ಲೇ ಸಿಕ್ಕಿತ್ತು. ಬ್ಯಾಟರಿ ಖಾಲಿಯಾಗಿಯೇ ಕರೆಂಟ್ ಹೋಗುವುದಾದರೆ ದಿನಕ್ಕೊಂದು ಹೊತ್ತಿಗೆ ಹೋಗಬೇಕು. ಮೋಡದ ದಿನ ಎಂಟಕ್ಕೆ, ಒಳ್ಳೆ ಬಿಸಿಲಿದ್ದ ದಿನ ಹತ್ತೂವರೆಗೆ. ಪ್ರತಿದಿನ ಅದೇ ಹೊತ್ತಿಗೆ ಹೋದರೆ ಆ ಹೊತ್ತಿಗೆ ಯಾರೋ ಏನೋ ಚಾಲೂ ಮಾಡುತ್ತಿದ್ದಾರೆ ಅಂತ ಅರ್ಥ. ಕೋಣೆಯ ಉಸ್ತುವಾರಿ ನೋಡುವ ಹುಡುಗನನ್ನು ಕೇಳಿದೆ. ಕುಡಿಯುವ ನೀರಿನ ಟ್ಯಾಂಕಿಗೆ 1 ಎಚ್‌ಪಿ ಮೋಟರ್ ಇದೆ, ಟೈಮರ್ ಹಾಕಿದ್ದೇವೆ, ರಾತ್ರಿ 9 ಗಂಟೆ 10 ನಿಮಿಷಕ್ಕೆ ಅಂದ. ಬೆಳಗ್ಗೆ ಎಲ್ಲರಿಗೂ ನೀರು ಬೇಕು, ಅದಕ್ಕೆ ರಾತ್ರಿಯೇ ತುಂಬಿಸುತ್ತಿದ್ದರು. ಯೋಚಿಸಿದ್ದು ಸರಿಯೇ, ಆದರೆ ಆರಿಸಿಕೊಂಡ ಹೊತ್ತು ಸರಿಯಿರಲಿಲ್ಲ.

ಮೋಟರ್ ತಿರುಗುವಾಗ ತಿನ್ನುವುದು ಸುಮಾರು 1 ಕಿಲೋವ್ಯಾಟ್. ಆದರೆ ನಿಂತ ಮೋಟರ್ ಏಳುವ ಆ ಒಂದು ಕ್ಷಣಕ್ಕೆ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆ ಹೊತ್ತಿಗೆ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಈ ಇನ್ವರ್ಟರ್‌ನಲ್ಲಿ ಕಟ್-ಆಫ್ 45 ವೋಲ್ಟ್‌ಗೆ ಇಟ್ಟಿದ್ದರು. ಅದಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ಖಾಲಿ ಅಂತಲೇ ಇನ್ವರ್ಟರ್ ತಿಳಿಯುತ್ತದೆ, ಇಡೀ ಊರನ್ನು ಆರಿಸುತ್ತದೆ.

ಟೈಮರ್ ಬದಲಿಸಿ ಮನೆಗೆ ಹೋಗಬಹುದಿತ್ತು. ಆದರೆ ಇದೇ ಮೋಟರ್ ಎರಡು ವರ್ಷ ಇದೇ ಹೊತ್ತಿಗೆ ಏನೂ ತೊಂದರೆ ಕೊಡದೆ ಓಡಿದೆ. ಆಗ ತಡೆಯುತ್ತಿದ್ದ ಬ್ಯಾಟರಿ ಈಗ ಯಾಕೆ ತಡೆಯುತ್ತಿಲ್ಲ?

ಬೆಳಗಿನ ಆರು ಗಂಟೆಯ ಅಂಕಿ

ಬ್ಯಾಟರಿಯ ನಿಜವಾದ ಸ್ಥಿತಿ ತಿಳಿಯಬೇಕಾದರೆ ಅದು ಸುಮ್ನೆ ಕೂತಿರುವಾಗ ಅಳೆಯಬೇಕು. ಹಗಲು ಚಾರ್ಜ್ ಆಗುವಾಗ ವೋಲ್ಟೇಜ್ ಉಬ್ಬಿರುತ್ತದೆ, ಸಂಜೆ ಲೋಡ್ ಇರುವಾಗ ತಗ್ಗಿರುತ್ತದೆ. ರಾತ್ರಿ ಕರೆಂಟ್ ಹೋದ ಮೇಲೆ ಮತ್ತೆ ಆನ್ ಮಾಡದೆ ಹಾಗೇ ಬಿಟ್ಟೆವು. ಬೆಳಗ್ಗೆ 6ಕ್ಕೆ, ಬಿಸಿಲು ಏಳುವ ಮೊದಲು, ಅಳೆದೆವು. 48.6 ವೋಲ್ಟ್ ಬಂತು.

ಈ ಅಂಕಿಯನ್ನು ಓದಲು ಒಂದು ಸುಲಭದ ಲೆಕ್ಕ ಇದೆ. ಸೆಲ್ ತುಂಬಿದಷ್ಟೂ ಅದರೊಳಗಿನ ಆಸಿಡ್‌ನ ಸಾಂದ್ರತೆ ಏರುತ್ತದೆ; ಆ ಸಾಂದ್ರತೆಗೆ 0.84 ಕೂಡಿಸಿದರೆ ವಿಶ್ರಾಂತಿಯಲ್ಲಿರುವ ಸೆಲ್‌ನ ವೋಲ್ಟೇಜ್ ಹತ್ತಿರಹತ್ತಿರ ಸಿಗುತ್ತದೆ. ಸೋಲಾರ್‌ಗೆ ಬಳಸುವ ಟ್ಯೂಬ್ಯುಲರ್ ಸೆಲ್‌ನಲ್ಲಿ ತುಂಬಿದಾಗ ಸಾಂದ್ರತೆ ಸಾಮಾನ್ಯವಾಗಿ 1.240 ಇರುತ್ತದೆ. (ನಿಮ್ಮ ಸೆಲ್ ಮೇಲಿನ ಚೀಟಿಯಲ್ಲಿ ಬೇರೆ ಇದ್ದರೆ ಅದನ್ನೇ ನಂಬಿ.) ಅಂದರೆ ಸೆಲ್‌ಗೆ 2.08, 24 ಸೆಲ್‌ಗೆ ಸುಮಾರು 49.9 ವೋಲ್ಟ್. ಅರ್ಧ ಖಾಲಿಯಾದಾಗ ಸಾಂದ್ರತೆ 1.180ರ ಆಸುಪಾಸು, ಬ್ಯಾಂಕ್ 48.5. ನಿಜವಾಗಿ ಬರಿದಾಗಿದ್ದರೆ 47ರ ಹತ್ತಿರ ಇರಬೇಕಿತ್ತು.

ಅಂದರೆ ಊರು ಕತ್ತಲಾದಾಗ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿಯೇ ಉಳಿದಿತ್ತು. ಊಟ ಪಾತ್ರೆಯಲ್ಲಿದೆ, ಬಟ್ಟಲಿಗೆ ಬರುತ್ತಿಲ್ಲ. ದಾರಿಯಲ್ಲಿ ಎಲ್ಲೋ ತಡೆ ಇದೆ.

ನಿಮ್ಮಲ್ಲಿ ಬೆಳಗಿನ ಅಂಕಿ 47ರ ಹತ್ತಿರ ಬಂದರೆ ದಾರಿ ಬೇರೆ. ಆಗ ಬ್ಯಾಟರಿ ನಿಜಕ್ಕೂ ಖಾಲಿ. ಒಂದೋ ಖರ್ಚು ಜಾಸ್ತಿಯಾಗಿದೆ, ಇಲ್ಲವೇ ಚಾರ್ಜ್ ಕಡಿಮೆಯಾಗಿದೆ. ಮನೆಮನೆ ಸುತ್ತಿ ನೋಡಿ. ಯಾರೋ ನೀರು ಕಾಯಿಸುವ 1500 ವ್ಯಾಟ್‌ನ ಕಾಯಿಲ್ ತಂದಿರುತ್ತಾರೆ. ಅವರನ್ನು ಎಲ್ಲರೆದುರು ಬೈಯುವುದರಿಂದ ಉಪಯೋಗವಿಲ್ಲ. ಮಧ್ಯಾಹ್ನ ಬ್ಯಾಟರಿ ತುಂಬಿ ಬಿಸಿಲು ವ್ಯರ್ಥವಾಗುವ ಹೊತ್ತಿನಲ್ಲಿ ಕಾಯಿಸಿಕೊಳ್ಳಿ ಅಂತ ಹೇಳಿದರೆ ಕೇಳುತ್ತಾರೆ.

ಇಪ್ಪತ್ನಾಲ್ಕನ್ನೂ ಕೂಡಿಸಿ ನೋಡಿ

ಸಂಜೆ 8 ಗಂಟೆ. ಎಲ್ಲ ಮನೆಯಲ್ಲೂ ದೀಪ, ಟಿವಿ. ಕ್ಲ್ಯಾಂಪ್ ಮೀಟರ್ 42 ಆಂಪಿಯರ್ ತೋರಿಸುತ್ತಿತ್ತು, ಅಂದರೆ ಸುಮಾರು 2 ಕಿಲೋವ್ಯಾಟ್. ಈಗ ಪ್ರತಿ ಸೆಲ್‌ನ ವೋಲ್ಟೇಜನ್ನೂ ಅಳೆಯಬೇಕು. ಮೀಟರ್‌ನ ಮೊನೆಯನ್ನು ಸೆಲ್‌ನ ತಲೆಯ ಮೇಲಿನ ಸೀಸದ ಕಂಬಕ್ಕೇ ಒತ್ತಿ, ಅದರ ಮೇಲಿನ ಬೋಲ್ಟಿಗೆ ಬೇಡ. ನಾನು ಮೊನೆ ಹಿಡಿದೆ, ಹುಡುಗ ಬರೆದುಕೊಂಡ. 1.97, 1.98, 1.97... ಹೀಗೆ ಹೋಗುತ್ತಾ 17ನೇ ಸೆಲ್‌ನಲ್ಲಿ 1.87.

24ನ್ನೂ ಕೂಡಿಸಿದಾಗ 47.2 ಬಂತು. ಆಮೇಲೆ ಬ್ಯಾಂಕ್‌ನ ಎರಡು ತುದಿಗೆ ಮೀಟರ್ ಇಟ್ಟರೆ 46.7. ಅರ್ಧ ವೋಲ್ಟ್ ಎಲ್ಲಿ ಹೋಯಿತು? ಸೆಲ್‌ಗಳ ಒಳಗಂತೂ ಹೋಗಿಲ್ಲ, ಅವುಗಳ ನಡುವಿನ ಜೋಡಣೆಯಲ್ಲಿ ಹೋಗಿರಬೇಕು. ಮೀಟರನ್ನು ಮಿಲಿವೋಲ್ಟ್‌ಗೆ ತಿರುಗಿಸಿ, ಒಂದೊಂದೇ ಲಿಂಕ್‌ನ ಆಚೆ ಈಚೆ ಕಂಬಕ್ಕೆ ಮೊನೆ ಇಟ್ಟು ನೋಡಿದೆವು. 4, 4, 3, 5. ಎರಡು ಸಾಲುಗಳನ್ನು ಜೋಡಿಸುವ ಉದ್ದ ಕೇಬಲ್ಲಿಗೆ ಬಂದಾಗ 420.

ಅಲ್ಲಿ ಮೂಗು ಹತ್ತಿರ ತಂದರೆ ಬಿಸಿ ಪ್ಲಾಸ್ಟಿಕ್‌ನ ವಾಸನೆ. ಕೇಬಲ್ಲಿನ ತುದಿಗೆ ಕೂರಿಸುವ ಲೋಹದ ಕೊಂಡಿಯ, ಅಂದರೆ ಲಗ್ಗಿನ, ಮೇಲೆ ಹಸಿರು-ಬಿಳಿ ಹುಡಿ, ಉಪ್ಪು ಹೂತ ಹಾಗೆ. ಕೇಬಲ್ಲಿನ ಕಪ್ಪು ಸಿಪ್ಪೆ ಲಗ್ಗಿನ ಬುಡದಲ್ಲಿ ಕುಗ್ಗಿ ಹಿಂದೆ ಸರಿದಿತ್ತು, ತಾಮ್ರದ ಎಳೆಗಳು ಕಾಣುತ್ತಿದ್ದವು. 42 ಆಂಪಿಯರ್‌ಗೆ 420 ಮಿಲಿವೋಲ್ಟ್ ಅಂದರೆ 10 ಮಿಲಿಓಮ್ ತಡೆ. ಅಲ್ಲಿ ಉರಿಯುತ್ತಿದ್ದುದು ಸುಮಾರು 18 ವ್ಯಾಟ್. ರೇಡಿಯೋ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಐರನ್ನನ್ನು ಇಡೀ ಸಂಜೆ ಆ ಜೋಡಣೆಗೆ ಚುಚ್ಚಿಟ್ಟ ಹಾಗೆ. ಮೋಟರ್ ಎದ್ದ ಕ್ಷಣ ಅದೇ ಜಾಗದಲ್ಲಿ ಒಂದು ವೋಲ್ಟ್‌ಗೂ ಜಾಸ್ತಿ ಸೋರಿಹೋಗುತ್ತಿತ್ತು.

9 ಗಂಟೆ 10 ನಿಮಿಷಕ್ಕೆ ಮೀಟರನ್ನು ಮಿನ್-ಮ್ಯಾಕ್ಸ್‌ಗೆ (ಕನಿಷ್ಠ, ಗರಿಷ್ಠ ಅಂಕಿಯನ್ನು ತಾನೇ ಹಿಡಿದಿಡುವ ಸ್ಥಾನಕ್ಕೆ) ಹಾಕಿ ಇನ್ವರ್ಟರ್‌ನ ಬಾಯಲ್ಲಿಟ್ಟು ಕಾದೆವು. ದೂರದಲ್ಲಿ ಪಂಪು ಗುಂಯ್ ಅಂತು, ಕೋಣೆ ಕತ್ತಲಾಯಿತು. ಟಾರ್ಚ್ ಹಾಕಿ ನೋಡಿದರೆ ಕನಿಷ್ಠ 44.7. ಕಟ್-ಆಫ್‌ಗಿಂತ ಬರೀ 0.3 ಕೆಳಗೆ. ಆ ಜೋಡಣೆ ಸರಿಯಿದ್ದಿದ್ದರೆ ಇಷ್ಟು ಕುಸಿಯುತ್ತಲೇ ಇರಲಿಲ್ಲ.

ಮರುದಿನ ಬೆಳಗ್ಗೆ ಎಲ್ಲ ಬ್ರೇಕರ್ ಇಳಿಸಿ ಆ ಕೇಬಲ್ ಬಿಚ್ಚಿದೆವು. ಅಡುಗೆ ಸೋಡಾ ಕದಡಿದ ನೀರಲ್ಲಿ ಬಟ್ಟೆ ಅದ್ದಿ ಒರೆಸಿದರೆ ನೊರೆ ಬರುತ್ತದೆ, ಆಸಿಡ್ ಸಾಯುತ್ತದೆ. ಆ ನೀರು ಸೆಲ್‌ನ ಒಳಗೆ ಒಂದು ಹನಿಯೂ ಹೋಗಬಾರದು, ಮುಚ್ಚಳ ಭದ್ರ ಮಾಡಿಯೇ ಒರೆಸಿ. ಕೇಬಲ್ಲಿನ ತುದಿ ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೆ ಹಿಂದೆ ಹೋಗಿ, ಹೊಸ ಲಗ್ಗನ್ನು ಕ್ರಿಂಪಿಂಗ್ ಟೂಲ್‌ನಿಂದ ಒತ್ತಿಸಿದೆವು. ಸುತ್ತಿಗೆಯಿಂದ ಬಡಿದು ಕೂರಿಸುವವರಿದ್ದಾರೆ. ಆರು ತಿಂಗಳಿಗೆ ಇದೇ ಕಥೆ ಮತ್ತೆ ಶುರುವಾಗುತ್ತದೆ. ಕಂಬವನ್ನು ಹಿತ್ತಾಳೆ ಬ್ರಶ್‌ನಿಂದ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆವು. ಸೀಸ ಮೆತ್ತಗಿನ ಲೋಹ. ಮೈಬಲವೆಲ್ಲ ಹಾಕಿ ಬಿಗಿದರೆ ಬೋಲ್ಟ್ ಕೂರುವ ತಿರುಪಿನ ಎಳೆ ಹಾರಿಹೋಗುತ್ತದೆ.

ಸಂಜೆ ಅದೇ ಲೋಡ್‌ಗೆ ಆ ಕೇಬಲ್ಲಿನಲ್ಲಿ 16 ಮಿಲಿವೋಲ್ಟ್. ಪಂಪು ಎದ್ದಿತು, ದೀಪ ಒಮ್ಮೆ ಮಿಟುಕಿ ಉಳಿಯಿತು. ಊರಲ್ಲಿ ಕೂಗು ಹಾಕಿದರು. ಕೆಲಸ ಮುಗಿದಿರಲಿಲ್ಲ.

ಫುಲ್ ಅಂತ ಹೇಳಿದವರು ಯಾರು?

17ನೇ ಸೆಲ್ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹಿಡಿತದಲ್ಲಿಡುವ ಪೆಟ್ಟಿಗೆಯ, ಅಂದರೆ ಚಾರ್ಜ್ ಕಂಟ್ರೋಲರ್‌ನ, ಪರದೆ ದಿನಾ ಮಧ್ಯಾಹ್ನ 3ಕ್ಕೆ 100 ತೋರಿಸುತ್ತಿತ್ತು. ಸಂಜೆ ಐದೂವರೆಗೆ ಹೈಡ್ರೋಮೀಟರ್ ಇಳಿಸಿದೆವು. ಗಾಜಿನ ನಳಿಗೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ತೇಲುಗುಂಡು ಗೋಡೆಗೆ ತಾಗದ ಹಾಗೆ ನೋಡಬೇಕು. ನೀರು ಹಾಕಿದ ಕೂಡಲೇ ನೋಡಬೇಡಿ. ಹೊಸ ನೀರು ಮೇಲೆಯೇ ನಿಂತಿರುತ್ತದೆ, ಅಂಕಿ ಸುಳ್ಳು ಬರುತ್ತದೆ.

ಹೆಚ್ಚಿನ ಸೆಲ್‌ಗಳಲ್ಲಿ 1205ರಿಂದ 1215. ನಮ್ಮಲ್ಲಿ ಹೀಗೇ ಹೇಳುವುದು, ದಶಾಂಶ ಬಿಟ್ಟು. 17ರಲ್ಲಿ 1160. ಒಂದು ಸೆಲ್ಲೂ 1240 ಮುಟ್ಟಿರಲಿಲ್ಲ. ಅಂದರೆ ಪರದೆ ಫುಲ್ ಅನ್ನುವಾಗ ಬ್ಯಾಟರಿ ಮುಕ್ಕಾಲು ಮಾತ್ರ ತುಂಬಿತ್ತು. ಪರದೆಯ ಆ 100 ಅನ್ನುವುದು ಕಂಟ್ರೋಲರ್‌ನ ಲೆಕ್ಕ. ಆಸಿಡ್‌ನ ಮಾತೇ ಕೊನೆಯ ಮಾತು.

ಬಿಸಿಲಿತ್ತು, ಪ್ಯಾನೆಲ್ ಸ್ವಚ್ಛವಾಗಿದ್ದವು. ಹಾಗಿದ್ದರೆ ಕಂಟ್ರೋಲರ್ ಯಾಕೆ ಬೇಗ ನಿಲ್ಲಿಸುತ್ತಿದೆ? ಸೆಟ್ಟಿಂಗ್ ತೆಗೆದು ನೋಡಿದೆ. ಅಬ್ಸಾರ್ಪ್ಷನ್, ಅಂದರೆ ಬ್ಯಾಟರಿ ಪೂರ್ತಿ ತುಂಬಲು ಕೊನೆಗೆ ಹಿಡಿದಿಡುವ ವೋಲ್ಟೇಜ್, 57.6 ವೋಲ್ಟ್, ಸೆಲ್‌ಗೆ 2.4ರಂತೆ, ಸರಿಯಾಗಿಯೇ ಇತ್ತು. ಆದರೆ ಮಧ್ಯಾಹ್ನ ಮೀಟರ್ ಇಟ್ಟು ನೋಡಿದರೆ 55.6ಕ್ಕೆ ಬಂದು ನಿಂತುಬಿಡುತ್ತಿತ್ತು. ಎರಡು ವೋಲ್ಟ್ ಕಡಿಮೆ.

ಪರದೆಯ ಒಂದು ಮೂಲೆಯಲ್ಲಿ ಬ್ಯಾಟರಿಯ ಉಷ್ಣತೆ ಬರೆದಿತ್ತು: 46 ಡಿಗ್ರಿ. ಸೆಲ್‌ನ ಮೈ ಮುಟ್ಟಿದೆ. ತಣ್ಣಗಿತ್ತು. ಥರ್ಮಾಮೀಟರ್ ಇಟ್ಟರೆ 29.

ಬ್ಯಾಟರಿ ಬಿಸಿಯಾದಷ್ಟೂ ಕಡಿಮೆ ವೋಲ್ಟೇಜಿನಲ್ಲಿ ಚಾರ್ಜ್ ಮಾಡಬೇಕು, ಇಲ್ಲದಿದ್ದರೆ ಕುದಿಯುತ್ತದೆ. ಹಾಗಾಗಿ ಕಂಟ್ರೋಲರ್ ಒಂದು ಸಣ್ಣ ಸೆನ್ಸರ್ ಇಟ್ಟುಕೊಂಡು, 25 ಡಿಗ್ರಿಗಿಂತ ಮೇಲೆ ಪ್ರತಿ ಡಿಗ್ರಿಗೆ ಸೆಲ್‌ಗೆ ಸುಮಾರು 4 ಮಿಲಿವೋಲ್ಟ್ ಇಳಿಸುತ್ತದೆ. 24 ಸೆಲ್‌ಗೆ ಡಿಗ್ರಿಗೆ ಸುಮಾರು 0.1 ವೋಲ್ಟ್ ಆಯಿತು. 46 ಡಿಗ್ರಿ ಅಂದರೆ 21 ಡಿಗ್ರಿ ಜಾಸ್ತಿ, 2 ವೋಲ್ಟ್ ಕಡಿತ. ಲೆಕ್ಕ ಸರಿಯಾಗಿ ಕೂತಿತು.

ಸೆನ್ಸರಿನ ತೆಳು ವೈರನ್ನು ಬೆರಳಲ್ಲಿ ಹಿಡಿದು ಹಿಂಬಾಲಿಸಿದೆವು. ಸೆಲ್‌ಗೆ ಅಂಟಿಸಿದ್ದ ಟೇಪ್ ಮಳೆಗಾಲದ ತೇವಕ್ಕೆ ಬಿಟ್ಟುಕೊಂಡಿತ್ತು. ಸೆನ್ಸರ್ ಜಾರಿ ಪಡುವಣ ಗೋಡೆಯ ತಗಡಿಗೆ ತಾಗಿಕೊಂಡು ನೇತಾಡುತ್ತಿತ್ತು. ಮಧ್ಯಾಹ್ನ ಬಿಸಿಲು ಬೀಳುವುದು ಆ ತಗಡಿಗೇ. ಮುಟ್ಟಿದರೆ ಕೈ ಚುರುಕ್ ಅನ್ನುತ್ತಿತ್ತು. ಚಾರ್ಜ್ ಆಗಬೇಕಾದ ಹೊತ್ತಿಗೇ ಸೆನ್ಸರ್ ಕಾಯುತ್ತಿತ್ತು, ಕಂಟ್ರೋಲರ್ ಪಾಪ ಬ್ಯಾಟರಿಯನ್ನು ಉಳಿಸಬೇಕು ಅಂತ ವೋಲ್ಟೇಜ್ ಇಳಿಸುತ್ತಿತ್ತು. ಹೀಗೆ ತಿಂಗಳುಗಟ್ಟಲೆ ಇಪ್ಪತ್ನಾಲ್ಕು ಸೆಲ್‌ಗಳು ಅರೆಹೊಟ್ಟೆಯಲ್ಲಿದ್ದವು. ಲೆಡ್-ಆಸಿಡ್ ಬ್ಯಾಟರಿ ಅರೆಹೊಟ್ಟೆಯಲ್ಲಿ ಉಳಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತಾ ಹೋಗುತ್ತದೆ. ಎಲ್ಲಕ್ಕಿಂತ ಬಡಪಾಯಿ ಸೆಲ್ ಮೊದಲು ಸೋಲುತ್ತದೆ. ಇಲ್ಲಿ ಅದು 17.

ಸೆನ್ಸರನ್ನು ಸಾಲಿನ ನಡುವಿನ ಸೆಲ್‌ನ ಮೈಗೆ, ಆಸಿಡ್ ಮಟ್ಟಕ್ಕಿಂತ ಕೆಳಗೆ, ಒರೆಸಿ ಒಣಗಿಸಿ ಅಂಟಿಸಿದೆವು. ಮೇಲೆ ಒಂದು ತುಂಡು ಥರ್ಮೋಕೋಲ್ ಇಟ್ಟು ಪಟ್ಟಿ ಬಿಗಿದೆವು. ಅಂಟನ್ನು ಮಾತ್ರ ನಂಬಬೇಡಿ, ಮಲೆನಾಡಿನ ತೇವದಲ್ಲಿ ಯಾವ ಅಂಟೂ ಉಳಿಯುವುದಿಲ್ಲ. ಮರುದಿನ ಮಧ್ಯಾಹ್ನ ವೋಲ್ಟೇಜ್ 57.2ಕ್ಕೆ ಏರಿತು.

ಹಿಂದೆ ಬಿದ್ದ ಸೆಲ್‌ಗಳನ್ನು ಎಬ್ಬಿಸಲು ಈಕ್ವಲೈಸ್ ಮಾಡಬೇಕು, ಅಂದರೆ ಎಲ್ಲ ಸೆಲ್ ಒಂದೇ ಮಟ್ಟಕ್ಕೆ ಬರಲಿ ಅಂತ ಬೇಕೆಂದೇ ಸ್ವಲ್ಪ ಹೆಚ್ಚು ವೋಲ್ಟೇಜಿನಲ್ಲಿ ಚಾರ್ಜ್ ಮಾಡಬೇಕು. ಒಳ್ಳೆ ಬಿಸಿಲಿನ ದಿನ ಆರಿಸಿ 60 ವೋಲ್ಟ್‌ನಲ್ಲಿ, ಸೆಲ್‌ಗೆ 2.5ರಂತೆ, ಮೂರು ಗಂಟೆ ಬಿಟ್ಟೆವು. ಸೆಲ್ ಗುಳುಗುಳು ಅನ್ನುತ್ತದೆ, ಹೆದರಬೇಡಿ. ಆದರೆ ಉಷ್ಣತೆ 45 ಡಿಗ್ರಿ ಮುಟ್ಟಿದರೆ ನಿಲ್ಲಿಸಿ. ನಿಮ್ಮ ಇನ್ವರ್ಟರ್ ಅಷ್ಟು ವೋಲ್ಟ್ ತಡೆಯುತ್ತದೋ ನೋಡಿ, ಇಲ್ಲದಿದ್ದರೆ ಆ ಹೊತ್ತು ಆರಿಸಿಡಿ. ಸೀಲ್ ಮಾಡಿದ ಬ್ಯಾಟರಿಗೆ ಇದನ್ನು ಮಾಡಲೇಬಾರದು. ಪ್ಲೇಟ್ ಮುಳುಗಿರುವಷ್ಟು ನೀರು ಮೊದಲೇ ಇರಬೇಕು, ಉಳಿದ ಡಿಸ್ಟಿಲ್ಡ್ ವಾಟರನ್ನು ಚಾರ್ಜ್ ಮುಗಿದ ಮೇಲೆ ಹಾಕಿ. ಆಸಿಡ್ ಸೇರಿಸಬೇಡಿ. ಸಾಂದ್ರತೆ ಕಡಿಮೆ ಬಂತು ಅಂತ ಆಸಿಡ್ ಸುರಿದ ಬ್ಯಾಟರಿಗಳನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ವಾರಕ್ಕೊಂದರಂತೆ ಮೂರು ಸಲ ಮಾಡಿದ ಮೇಲೆ ಉಳಿದವು 1235-1240ಕ್ಕೆ ಬಂದವು, 17ನೇದು 1225. ಅಷ್ಟಕ್ಕೂ ಏಳದ ಸೆಲ್ ಇದ್ದರೆ ಅದನ್ನು ಬಿಟ್ಟು ಆಚೀಚೆಯ ಎರಡಕ್ಕೆ ನೇರ ಕೇಬಲ್ ಹಾಕಿ 23ರಲ್ಲೇ ನಡೆಸಬಹುದು. ಆಗ ಎಲ್ಲ ಸೆಟ್ಟಿಂಗನ್ನೂ ಅದೇ ಲೆಕ್ಕದಲ್ಲಿ ಇಳಿಸಬೇಕು, 57.6 ಇದ್ದದ್ದು 55.2 ಆಗಬೇಕು. ಇದನ್ನು ಮರೆತರೆ ಉಳಿದ 23ನ್ನೂ ಕುದಿಸಿದಂತೆ.

ಪಂಪಿನ ಟೈಮರನ್ನು ಬೆಳಗ್ಗೆ 11ಕ್ಕೆ ಇಟ್ಟೆವು. ಬಿಸಿಲಿನಿಂದಲೇ ನೀರು ಏರಿದರೆ ಬ್ಯಾಟರಿಯೊಳಗೆ ಹೋಗಿ ಬರುವ ದಾರಿಯಲ್ಲಿ ನೂರಕ್ಕೆ 15-20 ಯೂನಿಟ್ ಕಳೆದುಕೊಳ್ಳುವುದೂ ತಪ್ಪುತ್ತದೆ. ಟ್ಯಾಂಕಿನಲ್ಲಿ ನಿಂತ ನೀರೂ ಒಂದು ಬ್ಯಾಟರಿಯೇ, ಅದಕ್ಕೆ ಸಲ್ಫೇಟ್ ಹಿಡಿಯುವುದಿಲ್ಲ.

ಇಷ್ಟೆಲ್ಲ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಬ್ಯಾಟರಿ ಸೋತಾಗ ಮೈಕ್ರೋಗ್ರಿಡ್ಡೇ ಸೋಲುತ್ತದೆ. ಬಿಹಾರದ ಧರ್ನೈಯಲ್ಲಿ 2014ರಲ್ಲಿ 100 ಕಿಲೋವ್ಯಾಟ್‌ನ ಸೋಲಾರ್ ಮೈಕ್ರೋಗ್ರಿಡ್ ದೊಡ್ಡ ಸುದ್ದಿಯಾಗಿ ಶುರುವಾಯಿತು. ಆಮೇಲೆ ಸರ್ಕಾರಿ ಲೈನ್ ಬಂತು, ಅದರ ಕರೆಂಟ್ ಅಗ್ಗವಾಗಿತ್ತು, ಇಲ್ಲಿ ಬ್ಯಾಟರಿಗಳು ಸವೆದವು. ಕೆಲವೇ ವರ್ಷಕ್ಕೆ ಅದು ನಿಂತುಹೋಯಿತು. ಪ್ಯಾನೆಲ್‌ಗೆ 25 ವರ್ಷದ ಆಯುಷ್ಯವಿದ್ದರೂ ಬ್ಯಾಟರಿಯನ್ನು ನೋಡಿಕೊಳ್ಳುವ ಕೈ ಬೇಕು.

ಬೇರೆ ಮೂರು ದೂರುಗಳು

ನಡು ಮಧ್ಯಾಹ್ನ ಸೋಲಾರ್ ಆಫ್ ಆಗುತ್ತದೆ ಅಂತ ಕೆಲವರು ಗಾಬರಿಯಾಗುತ್ತಾರೆ. ಪ್ಯಾನೆಲ್‌ಗೆ ಬೇರೆ ಸೋಲಾರ್ ಇನ್ವರ್ಟರ್, ಬ್ಯಾಟರಿಗೆ ಬೇರೆ ಇನ್ವರ್ಟರ್ ಇದ್ದು ಎರಡೂ ಎಸಿ ಕಡೆ ಸೇರುವ ವ್ಯವಸ್ಥೆಯಲ್ಲಿ ಇದು ದೋಷ ಆಗಿರಬೇಕೆಂದಿಲ್ಲ. ಬ್ಯಾಟರಿ ತುಂಬಿದಾಗ ಬ್ಯಾಟರಿ ಇನ್ವರ್ಟರ್ ಬೇಕೆಂದೇ ಫ್ರೀಕ್ವೆನ್ಸಿಯನ್ನು 50ರಿಂದ 51-52 ಹರ್ಟ್ಸ್‌ವರೆಗೆ ಏರಿಸುತ್ತದೆ. ಸಾಕು, ಕಡಿಮೆ ಮಾಡು ಅಂತ ಸೋಲಾರ್ ಇನ್ವರ್ಟರ್‌ಗೆ ಅದು ಕೊಡುವ ಸೂಚನೆ. ಫ್ರೀಕ್ವೆನ್ಸಿ ತೋರಿಸುವ ಮೀಟರ್ ಇಟ್ಟು ನೋಡಿ. ಬ್ಯಾಟರಿ ತುಂಬಿದಾಗ ಏರಿದರೆ ಸರಿ. ಬ್ಯಾಟರಿ ಅರ್ಧ ಇರುವಾಗಲೇ ಏರಿದರೆ ಸೆಟ್ಟಿಂಗ್ ಅಥವಾ ಸೆನ್ಸರ್ ನೋಡಬೇಕು. ಮತ್ತೆ ಸೆನ್ಸರ್!

ಮಳೆಗಾಲದ ಬೆಳಗ್ಗೆ ಇನ್ಸುಲೇಷನ್ ಅಲಾರಂ (ಪ್ಯಾನೆಲ್ ಕಡೆ ಎಲ್ಲೋ ಕರೆಂಟ್ ಸೋರುತ್ತಿದೆ ಎಂಬ ಎಚ್ಚರಿಕೆ) ಬಂದು, ಹತ್ತು ಗಂಟೆಯ ಬಿಸಿಲಿಗೆ ತಾನಾಗಿ ಹೋಗುತ್ತದೆಯೇ? ಎಲ್ಲೋ ನೀರು ಹೊಕ್ಕಿದೆ, ಒಣಗಿದ ಮೇಲೆ ಸರಿಯಾಗುತ್ತದೆ. ಜಂಕ್ಷನ್ ಬಾಕ್ಸ್ ತೆಗೆದರೆ ಇರುವೆ ಗೂಡು, ಹಲ್ಲಿ ಮೊಟ್ಟೆ ಸಿಗುತ್ತವೆ. ಪ್ಯಾನೆಲ್ ಕೆಳಗೆ ಇಲಿ ಕಡಿದ ವೈರನ್ನೂ ಹುಡುಕಿ. ಅಲಾರಂ ಇರುವಾಗ ಪ್ಯಾನೆಲ್‌ನ ಫ್ರೇಮ್ ಮುಟ್ಟಬೇಡಿ.

ಟರ್ಬೈನ್ ಕಡೆ ಎರಡೇ ಕಾಯಿಲೆ ಜಾಸ್ತಿ. ಕರೆಂಟ್ ಮಂಕಾದರೆ ಹಳ್ಳದ ಬಾಯಿಯಲ್ಲಿ ಜಾಳಿಗೆಗೆ ದರಕು (ಉದುರಿದ ಎಲೆ) ಕಟ್ಟಿಕೊಂಡಿರುತ್ತದೆ. ಹೋಗಿ ಬಾಚಿ ತೆಗೆದು ಬಂದರೆ ಆಯಿತು, ಜೋರು ಮಳೆಯಲ್ಲಿ ದಿನಕ್ಕೆರಡು ಸಲ. ಎರಡನೆಯದು ಅಪಾಯದ್ದು. ಎರಡು ಮೂರು ಮನೆಗಳಲ್ಲಿ ಒಟ್ಟಿಗೆ ಬಲ್ಬು ಢಾಳಾಗಿ ಉರಿದು ಸುಟ್ಟರೆ, ನೀರು ಕಾಯಿಸುವ ಡಂಪ್ ಹೀಟರ್ ತುಂಡಾಗಿದೆ ಅಂತ ಮೊದಲು ಸಂಶಯಪಡಿ. ನೀರಿನ ಬಲ ಒಂದೇ ಸಮನೆ ಇರುತ್ತದೆ. ಮನೆಗಳು ಬಳಸದೆ ಉಳಿದಷ್ಟು ಕರೆಂಟನ್ನು ಕಂಟ್ರೋಲರ್ ಆ ಹೀಟರ್‌ಗೆ ಕಳಿಸುತ್ತದೆ. ಹೀಟರ್ ಹೋದರೆ ಟರ್ಬೈನ್‌ಗೆ ಭಾರವೇ ಇಲ್ಲ, ವೇಗ ಏರುತ್ತದೆ, ವೋಲ್ಟೇಜೂ ಏರುತ್ತದೆ. ತಕ್ಷಣ ನೀರಿನ ವಾಲ್ವ್ ಮುಚ್ಚಿ. ಉದ್ದ ಪೈಪ್ ಇದ್ದರೆ ನಿಧಾನಕ್ಕೆ ಮುಚ್ಚಿ, ಗಬಕ್ಕನೆ ಮುಚ್ಚಿದರೆ ನೀರಿನ ಹೊಡೆತಕ್ಕೆ ಪೈಪ್ ಒಡೆಯುತ್ತದೆ. ಆಮೇಲೆ ಹೀಟರ್‌ನ ಎಲಿಮೆಂಟ್‌ಗೆ ಮೀಟರ್ ಇಟ್ಟು ತಡೆ ನೋಡಿ. ಒಂದು ಎಲಿಮೆಂಟ್ ಯಾವಾಗಲೂ ಕೋಣೆಯಲ್ಲಿ ಇಟ್ಟಿರಿ.

ನಿಮ್ಮಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ದರೆ ಮೇಲಿನ ವೋಲ್ಟೇಜ್ ಲೆಕ್ಕ ಕೆಲಸ ಮಾಡಲ್ಲ. 16 ಸೆಲ್‌ನ 51.2 ವೋಲ್ಟ್ ಬ್ಯಾಂಕ್‌ನಲ್ಲಿ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿರುತ್ತದೆ, ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಅಲ್ಲಿ ಬಿಎಂಎಸ್ (ಸೆಲ್‌ಗಳ ಮೇಲೆ ಕಣ್ಣಿಡುವ ಬ್ಯಾಟರಿಯದೇ ಸರ್ಕ್ಯೂಟ್) ಹೇಳುವ ಸೆಲ್ ಅಂಕಿಗಳನ್ನು ನೋಡಿ. ಲಗ್ಗು ಮತ್ತು ಮಿಲಿವೋಲ್ಟ್ ಪರೀಕ್ಷೆ ಮಾತ್ರ ಅದಕ್ಕೂ ಒಂದೇ.

ಹುಡುಗನಿಗೆ ದಿನಾ ಬರೆಯಲು ಐದು ಅಂಕಿ ಹೇಳಿ ಬಂದಿದ್ದೆ: ಬೆಳಗ್ಗೆ 6ರ ವೋಲ್ಟೇಜ್, ಮಧ್ಯಾಹ್ನದ ಗರಿಷ್ಠ ವೋಲ್ಟೇಜ್, ಪರದೆಯ ಉಷ್ಣತೆ, ಕೈಯಿಂದ ಅಳೆದ ಉಷ್ಣತೆ, 17ನೇ ಸೆಲ್‌ನ ಸಾಂದ್ರತೆ. ಮೊನ್ನೆ ಆ ಪುಟದ ಫೋಟೋ ಕಳಿಸಿದ್ದ. 49.0, 57.2, 29, 29, 1225. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದ: “ಅಜ್ಜಿ ವಾರ್ತೆ ಪೂರ್ತಿ ನೋಡಿದ್ರು.”